ಡೋಲ್ಡ್ರಮ್ಸ್: ಮನಸ್ಸಿನಿಂದ ಸಮುದ್ರಕ್ಕೆ ಹೋದ ಮಾತು

ಪ್ರಶ್ನೆ: ಇಂಗ್ಲಿಷ್ ಪೇಪರಿನಲ್ಲಿ 'ರಿಯಲ್ ಎಸ್ಟೇಟ್ ಇನ್ ದ ಡೋಲ್ಡ್ರಮ್ಸ್' ಅಂತ ಹೆಡ್‌ಲೈನ್ ಇತ್ತು. ಡ್ರಮ್ಮಿಗೂ ಸೈಟು ಮಾರಾಟಕ್ಕೂ ಏನು ಸಂಬಂಧ ಅಂದುಕೊಂಡು ಸುಮ್ಮನಾದೆ. ಅದೇ ವಾರ ನಮ್ಮ ಮ್ಯಾನೇಜರ್ ನನ್ನ ಮುಖ ನೋಡಿ 'ಯೂ ಸೀಮ್ ಟು ಬಿ ಇನ್ ದ ಡೋಲ್ಡ್ರಮ್ಸ್' ಅಂದರು. ಪಿಯುಸಿ ಓದುವ ಮಗಳನ್ನು ಕೇಳಿದರೆ, ಅದು ಸಮುದ್ರದಲ್ಲಿರುವ ಒಂದು ಜಾಗ, ಭೂಗೋಳದ ಪುಸ್ತಕದಲ್ಲಿದೆ ಅಂತಾಳೆ. ಜಾಗದ ಹೆಸರು ಬೇಜಾರಿಗೆ ಹೇಗೆ ಬಂತು? ಇದನ್ನು ಕನ್ನಡದಲ್ಲಿ ಏನನ್ನಬೇಕು? ಆಫೀಸಿನ ಮೇಲ್‌ನಲ್ಲಿ ನಾನೂ ಬಳಸಬಹುದಾ?
ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಮ್ಯಾನೇಜರ್ ಮಾತಿನ ಬಳಕೆಯೂ ಸರಿ, ನಿಮಗೆ ನಿಜಕ್ಕೂ ಬೇಜಾರಾಗಿತ್ತೋ ಇಲ್ಲವೋ ನೀವೇ ಬಲ್ಲಿರಿ. ಆದರೆ ಜಾಗದ ಹೆಸರು ಬೇಜಾರಿಗೆ ಬಂದದ್ದಲ್ಲ. ಬೇಜಾರಿನ ಹೆಸರೇ ಜಾಗಕ್ಕೆ ಹೋದದ್ದು. ಇಂಗ್ಲಿಷ್ ಬಲ್ಲವರಲ್ಲೂ ಬಹಳ ಜನ ಇದನ್ನು ತಿರುವುಮುರುವಾಗಿಯೇ ಹೇಳುತ್ತಾರೆ. ನಾವಿಕರು ಗಾಳಿ ಇಲ್ಲದ ಕಡಲಿಗೆ ಡೋಲ್ಡ್ರಮ್ಸ್ ಅಂತ ಹೆಸರಿಟ್ಟರು, ಅಲ್ಲಿ ಸಿಕ್ಕಿಬಿದ್ದ ಹಡಗಿನ ಹಾಗೆ ಮನಸ್ಸು ನಿಂತುಹೋದರೆ ಅದಕ್ಕೂ ಅದೇ ಮಾತು ಬಂತು ಅನ್ನುವ ಕಥೆ ಕೇಳೋಕೆ ಚೆನ್ನಾಗಿದೆ. ಇಸವಿಗಳು ಅದಕ್ಕೆ ಒಪ್ಪುವುದಿಲ್ಲ.

ಮೊದಲು ಅರ್ಥ ನೋಡೋಣ. 'ಇನ್ ದ ಡೋಲ್ಡ್ರಮ್ಸ್' ಅಂದರೆ ಉತ್ಸಾಹ ಉಡುಗಿ ಮಂಕಾಗಿ ಕೂತಿರುವುದು. ಅಳು ಬರುವಷ್ಟು ದುಃಖವೇನಲ್ಲ. ಯಾವ ಕೆಲಸಕ್ಕೂ ಮನಸ್ಸು ಏಳುವುದಿಲ್ಲ. ಏನಾಯ್ತು ಅಂತ ಯಾರಾದರೂ ಕೇಳಿದರೆ 'ಏನಿಲ್ಲ, ಸುಮ್ನೆ' ಅನ್ನುತ್ತೀರಲ್ಲ, ಆ ಸ್ಥಿತಿ. ವ್ಯಾಪಾರಕ್ಕೆ ಹೇಳಿದರೆ ವಹಿವಾಟು ಮೇಲೂ ಏಳದೆ, ಕೆಳಗೂ ಬೀಳದೆ, ಇದ್ದಲ್ಲೇ ಇದೆ ಅಂತ.

ಡ್ರಮ್ಮಿಗೂ ಇದಕ್ಕೂ ಸಂಬಂಧವೇ ಇಲ್ಲ. ಉಚ್ಚಾರದಲ್ಲೂ ಕೊನೆಯ ಭಾಗ ಡ್ರಮ್ ಅಂತ ಗಟ್ಟಿಯಾಗಿ ಬರುವುದಿಲ್ಲ, 'ಡ್ರಮ್ಸ್' ಮೆಲ್ಲಗೆ ನುಂಗಿಹೋಗುತ್ತದೆ. ಒತ್ತು ಬೀಳುವುದು ಮೊದಲ ಅಕ್ಷರಕ್ಕೆ. ಬ್ರಿಟಿಷರ ಬಾಯಲ್ಲಿ ಅದು 'ಡಾಲ್', ಅಮೆರಿಕದವರ ಬಾಯಲ್ಲಿ 'ಡೋಲ್'. ಆ ಮೊದಲ ಭಾಗ ಎಲ್ಲಿಂದ ಬಂತು ಅನ್ನುವುದೇ ಸ್ವಾರಸ್ಯ. ಅದು 'ಡಲ್' ಅನ್ನುವ ಪದದ ಹಳೆಯ ರೂಪಕ್ಕೆ ಸೇರಿದ್ದು ಎಂದು ನಿಘಂಟುಕಾರರ ಅಂದಾಜು. ಪೆದ್ದ ಅನ್ನುವ ಅರ್ಥದ 'ಡೋಲ್ಟ್' ಕೂಡ ಅದೇ ಮನೆತನದ್ದು. ಬಾಲಕ್ಕೆ 'ಡ್ರಮ್' ಸೇರಿದ್ದು 'ಟ್ಯಾಂಟ್ರಮ್' ಅನ್ನುವ ಪದದ ಧಾಟಿಯಲ್ಲಿರಬಹುದು. ಟ್ಯಾಂಟ್ರಮ್ ಅಂದರೆ ಮಕ್ಕಳ ರಂಪ. ಅದು ಕೈಕಾಲು ಬಡಿಯುವ ಮುನಿಸು, ಇದು ಮೂಲೆ ಹಿಡಿಯುವ ಮುನಿಸು.

ನಾವು ಕನ್ನಡದಲ್ಲಿ 'ಯಾಕೋ ಡಲ್ ಆಗಿದ್ದೀಯಲ್ಲ' ಅನ್ನುತ್ತೇವೆ. ಅದೇ ಉಸಿರಿನಲ್ಲಿ 'ಈ ತಿಂಗಳು ಬಿಸಿನೆಸ್ ಡಲ್ಲು' ಅಂತಲೂ ಅನ್ನುತ್ತೇವೆ. ಮನಸ್ಸಿಗೂ ಮಾರುಕಟ್ಟೆಗೂ ಒಂದೇ ಮಾತು. ನಿಮ್ಮ ಮ್ಯಾನೇಜರ್ ಮತ್ತು ಆ ಹೆಡ್‌ಲೈನ್ ಬರೆದವರು ಮಾಡಿದ್ದೂ ಇಷ್ಟೇ. ಪಿ.ಬಿ. ರಸ್ತೆಯಲ್ಲಿ ಅಂಗಡಿ ಇಟ್ಟವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಇಸವಿಗಳಿಗೆ ಬರೋಣ.

ಸಮಭಾಜಕ ವೃತ್ತದ ಹತ್ತಿರ ಗಾಳಿ ಸತ್ತುಹೋಗುವ ಕಡಲಿದೆ ಎಂಬುದು ಯುರೋಪಿನ ನಾವಿಕರಿಗೆ ಶತಮಾನಗಳಿಂದ ಗೊತ್ತಿತ್ತು. ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ 1686ರಲ್ಲಿ ಜಗತ್ತಿನ ಗಾಳಿಗಳ ಬಗ್ಗೆ ಒಂದು ಲೇಖನ ಬರೆದ, ಜೊತೆಗೆ ನಕ್ಷೆಯನ್ನೂ ಕೊಟ್ಟ. ಆಫ್ರಿಕಾದ ಗಿನಿ ಕರಾವಳಿಯ ಆಚೆ ಗಾಳಿಯೇ ಇಲ್ಲದ ಒಂದು ಭಾಗವಿದೆ, ಅಲ್ಲಿ ಗುಡುಗು ಮಿಂಚು ಭಯಂಕರ ಎಂದು ಅದರಲ್ಲಿ ಹೇಳಿದ್ದಾನೆ. ಮಳೆ ಪದೇ ಪದೇ ಸುರಿಯುವುದರಿಂದ ನಾವಿಕರು ಆ ಭಾಗವನ್ನು 'ದ ರೈನ್ಸ್' ಅನ್ನುತ್ತಾರೆ ಅಂತಲೂ ಬರೆದಿದ್ದಾನೆ. ಅಂದರೆ ಹಡಗಿನವರ ಹತ್ತಿರ ಆ ಜಾಗಕ್ಕೆ ಒಂದು ಹೆಸರಿತ್ತು. ಅದು ಮಳೆಯ ಹೆಸರು. ಡೋಲ್ಡ್ರಮ್ಸ್ ಅನ್ನುವ ಸದ್ದೇ ಇಲ್ಲ.

1798ರಲ್ಲಿ ಕೋಲ್‌ರಿಡ್ಜ್‌ನ ಮುದಿ ನಾವಿಕನ ಕವಿತೆ ಬಂತು. ಗಾಳಿ ನಿಂತು, ಹಡಗು ದಿನಗಟ್ಟಲೆ ಅಲುಗಾಡದೆ, ಸುತ್ತ ನೀರಿದ್ದರೂ ಕುಡಿಯಲು ಹನಿ ಇಲ್ಲದೆ ಜನ ಒದ್ದಾಡುವ ಭಾಗ ಅದರಲ್ಲಿದೆ. ಬಿ.ಎ. ಇಂಗ್ಲಿಷ್ ಓದಿದವರಿಗೆಲ್ಲ ನೆನಪಿರುತ್ತದೆ. ಇಂದು ಅದನ್ನು ಪಾಠ ಮಾಡುವ ಮೇಷ್ಟ್ರುಗಳು ಇದೇ ಡೋಲ್ಡ್ರಮ್ಸ್ ಅಂತ ಹೇಳುತ್ತಾರೆ. ಕವಿತೆಯಲ್ಲಿ ಮಾತ್ರ ಆ ಪದ ಇಲ್ಲ. ಕಡಲು ಇದೆ, ಹೆಸರು ಇನ್ನೂ ಬಂದಿಲ್ಲ.

ಪದ ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು 1811ರ ಹೊತ್ತಿಗೆ. ಅದೂ ಸಮುದ್ರದ ವಿಷಯಕ್ಕಲ್ಲ. 'ನಾನೀಗ ಡೋಲ್ಡ್ರಮ್ಸ್‌ನಲ್ಲಿದ್ದೇನೆ' ಅಂದರೆ ಮೂಡ್ ಸರಿ ಇಲ್ಲ, ಅಷ್ಟೇ. ಅದೇ ಕಾಲದಲ್ಲಿ ಮಂದ ಬುದ್ಧಿಯವನಿಗೂ ಡೋಲ್ಡ್ರಮ್ ಅನ್ನುತ್ತಿದ್ದರು. ನೆಲದ ಮೇಲಿನ, ಊರ ಜನರ ಆಡುಮಾತು.

ಅಲ್ಲಿಂದ ಹಡಗು ಹತ್ತಿದ್ದು ಹೇಗೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಲಾರ್ಡ್ ಬೈರನ್. ಬೌಂಟಿ ಅನ್ನುವ ಹಡಗಿನಲ್ಲಿ 1789ರಲ್ಲಿ ನಾವಿಕರು ಕ್ಯಾಪ್ಟನ್ ವಿರುದ್ಧ ದಂಗೆ ಎದ್ದಿದ್ದರಲ್ಲ, ಆ ಕಥೆಯನ್ನಿಟ್ಟುಕೊಂಡು ಅವನು 1823ರಲ್ಲಿ 'ದ ಐಲ್ಯಾಂಡ್' ಅನ್ನುವ ಕಾವ್ಯ ಪ್ರಕಟಿಸಿದ. ಅದರಲ್ಲಿ ಒಬ್ಬ ನಾವಿಕ ದ್ವೀಪದ ಬಂಡೆಯ ತುದಿಯಿಂದ ದೂರದ ಹಡಗೊಂದನ್ನು ನೋಡಿ ಬಂದು ಸುದ್ದಿ ಹೇಳುತ್ತಾನೆ. ಅದು ಡೋಲ್ಡ್ರಮ್ಸ್‌ನಲ್ಲಿತ್ತು, ಗಾಳಿ ತೆಳುವಾಗಿ ದಿಕ್ಕುದೆಸೆ ಇಲ್ಲದೆ ಬೀಸುತ್ತಿತ್ತು ಅಂತ. ಇಲ್ಲಿ ಸ್ವಲ್ಪ ನಿಂತು ನೋಡಿ. ಕಾವ್ಯದ ದ್ವೀಪದ ಹೆಸರು ಟೂಬೊನಾಯ್. ಇಂದಿನ ನಕ್ಷೆಯಲ್ಲಿ ಟುಬುವಾಯ್ ಅಂತ ಹುಡುಕಿದರೆ ದಕ್ಷಿಣ ಪೆಸಿಫಿಕ್‌ನಲ್ಲಿ, ಸುಮಾರು 23 ಡಿಗ್ರಿ ದಕ್ಷಿಣದಲ್ಲಿ ಸಿಗುತ್ತದೆ. ಅಂದರೆ ಮಕರ ಸಂಕ್ರಾಂತಿ ವೃತ್ತದ ಪಕ್ಕ. ಸಮಭಾಜಕದಿಂದ ಎರಡೂವರೆ ಸಾವಿರ ಕಿಲೋಮೀಟರಿಗೂ ದೂರ. ಹಾಗಾಗಿ ಬೈರನ್ನನ ನಾವಿಕ ಹೇಳುತ್ತಿರುವುದು ಜಾಗದ ಹೆಸರಲ್ಲ, ಹಡಗಿನ ಪಾಡು. ಗಾಳಿ ಸಿಗದೆ ಹಡಗು ಮಂಕಾಗಿದೆ ಅಂತ. ಜನರ ಮಂಕು ಹಡಗಿಗೆ ದಾಟಿತು, ಇನ್ನೂ ಕಡಲಿಗೆ ದಾಟಿಲ್ಲ.

ಮುಂದಿನ ಹೆಜ್ಜೆ ಬಹುಶಃ ಬರೀ ತಪ್ಪು ತಿಳಿವಳಿಕೆ. ಆಕ್ಸ್‌ಫರ್ಡ್ ನಿಘಂಟಿನವರ ಅಭಿಪ್ರಾಯವೂ ಅದೇ. 'ಹದಿನೈದು ದಿನ ಡೋಲ್ಡ್ರಮ್ಸ್‌ನಲ್ಲಿದ್ದೆವು' ಅಂತ ಹಡಗಿನವನು ಹೇಳುತ್ತಾನೆ. ಕೇಳಿದವನು ಓಹೋ, ಅದೊಂದು ಜಾಗ ಅಂದುಕೊಳ್ಳುತ್ತಾನೆ. ಹೇಗೂ ಹಡಗುಗಳು ಜಾಸ್ತಿ ಸಿಕ್ಕಿಬೀಳುತ್ತಿದ್ದದ್ದು ಸಮಭಾಜಕದ ಹತ್ತಿರವೇ. ಸ್ಥಿತಿ ಸ್ಥಳವಾಯಿತು.

ಅದನ್ನು ನಕ್ಷೆಯ ಮೇಲೆ ಗಟ್ಟಿಯಾಗಿ ಕೂರಿಸಿದವನು ಮ್ಯಾಥ್ಯೂ ಫೊಂಟೇನ್ ಮೌರಿ, ಅಮೆರಿಕದ ನೌಕಾಪಡೆಯ ಅಧಿಕಾರಿ. 1839ರಲ್ಲಿ ಕುದುರೆ ಗಾಡಿ ಉರುಳಿ ಅವನ ಕಾಲು ಊನವಾಯಿತು. ಹಡಗಿನ ಕೆಲಸ ತಪ್ಪಿತು. 1842ರಲ್ಲಿ ವಾಷಿಂಗ್ಟನ್‌ನಲ್ಲಿ ನಕ್ಷೆ ಮತ್ತು ಉಪಕರಣಗಳ ಉಗ್ರಾಣದ ಉಸ್ತುವಾರಿ ಕೊಟ್ಟು ಕೂರಿಸಿದರು. ಅಲ್ಲಿ ಹಳೆಯ ಹಡಗುಗಳ ದಿನಚರಿ ಪುಸ್ತಕಗಳು ಧೂಳು ತಿನ್ನುತ್ತಾ ಬಿದ್ದಿದ್ದವು. ಯಾವ ದಿನ ಎಲ್ಲಿದ್ದೆವು, ಗಾಳಿ ಯಾವ ಕಡೆಯಿಂದ, ಎಷ್ಟು ಜೋರು ಅನ್ನುವ ಲೆಕ್ಕ ಅವುಗಳಲ್ಲಿತ್ತು. ಬೇರೆಯವರಿಗೆ ರದ್ದಿ. ಮೌರಿ ಅದನ್ನೆಲ್ಲ ತೆಗೆಸಿ, ಓದಿಸಿ, ಒಟ್ಟುಹಾಕಿ, 1847ರಿಂದ ಗಾಳಿ ಮತ್ತು ಪ್ರವಾಹಗಳ ನಕ್ಷೆ ಹೊರತರತೊಡಗಿದ.

ಆ ನಕ್ಷೆಯಿಂದ ಆದ ಲಾಭ ಕೇಳಿ. ಅಟ್ಲಾಂಟಿಕ್‌ನಲ್ಲಿ ಈ ಗಾಳಿಯಿಲ್ಲದ ಪಟ್ಟಿ ಎಲ್ಲ ಕಡೆ ಒಂದೇ ಅಗಲ ಇಲ್ಲ. ಆಫ್ರಿಕಾ ಕಡೆ ಅಗಲ, ಪಶ್ಚಿಮಕ್ಕೆ ಹೋದ ಹಾಗೆ ಕಿರಿದು. ಆದರೆ ಅಮೆರಿಕದಿಂದ ಬ್ರೆಜಿಲ್‌ಗೆ ಹೋಗುವ ಕ್ಯಾಪ್ಟನ್‌ಗಳು ಬ್ರೆಜಿಲ್‌ನ ಮೂಗಿನಂತೆ ಚಾಚಿರುವ ಸಾವೊ ರೋಕ್ ಭೂಶಿರಕ್ಕೆ ಹೆದರುತ್ತಿದ್ದರು. ಅಲ್ಲಿನ ಪ್ರವಾಹ ದಡಕ್ಕೆ ತಳ್ಳಿಬಿಡುತ್ತದೆ ಅಂತ. ಅದಕ್ಕೇ ಸುತ್ತು ಹಾಕಿಕೊಂಡು ಆಫ್ರಿಕಾ ಹತ್ತಿರಕ್ಕೆ ಹೋಗಿ ಅಗಲವಾದ ಭಾಗದಲ್ಲೇ ಸಿಕ್ಕಿಕೊಳ್ಳುತ್ತಿದ್ದರು. ಮೌರಿ ಹೇಳಿದ: ಸುತ್ತು ಬೇಡ, ಕಿರಿದಾದ ಕಡೆ ನೇರ ದಾಟಿ. 1848ರಲ್ಲಿ ಬಾಲ್ಟಿಮೋರ್‌ನ ಒಂದು ಹಡಗಿನ ಕ್ಯಾಪ್ಟನ್ ಧೈರ್ಯ ಮಾಡಿ ಆ ಮಾತು ಕೇಳಿದ. ಸುಮಾರು 55 ದಿನದ ರಿಯೊ ಡಿ ಜನೈರೊ ಪ್ರಯಾಣ 38 ದಿನಕ್ಕೆ ಮುಗಿಯಿತು. ಆಮೇಲೆ ಎಲ್ಲರಿಗೂ ಮೌರಿಯ ನಕ್ಷೆ ಬೇಕಾಯಿತು.

1855ರಲ್ಲಿ ಬಂದ ಅವನ ಸಮುದ್ರ ಭೂಗೋಳದ ಪುಸ್ತಕದಲ್ಲಿ ಡೋಲ್ಡ್ರಮ್ಸ್ ಅಂದರೆ ಸಮಭಾಜಕದ ಪಟ್ಟಿಯ ಹೆಸರು, ಅನುಮಾನವೇ ಇಲ್ಲ. ಆದರೆ ಅವನು ಅದನ್ನು ವರ್ಣಿಸುವಾಗ ಹಳೆಯ ಮನಸ್ಸಿನ ಅರ್ಥವೂ ಒಳಗೇ ಇದೆ. ಕಡಲಿನಲ್ಲೇ ಇದರಷ್ಟು ಜೀವ ಹಿಂಡುವ ಜಾಗ ಕಮ್ಮಿ ಅನ್ನುತ್ತಾನೆ. ಆಗ ಆಸ್ಟ್ರೇಲಿಯಾದಲ್ಲಿ ಚಿನ್ನ ಸಿಕ್ಕಿ ಯುರೋಪಿನಿಂದ ಜನ ಹಡಗು ಹಡಗಾಗಿ ಹೋಗುತ್ತಿದ್ದ ಕಾಲ. ಆ ಹಡಗುಗಳು ಇಲ್ಲಿ ಎರಡು ಮೂರು ವಾರ ಸಿಕ್ಕಿಕೊಳ್ಳುತ್ತವೆ, ಮಕ್ಕಳು ಮತ್ತು ನಿಶ್ಶಕ್ತರು ನರಳುತ್ತಾರೆ ಎಂದು ಬರೆಯುತ್ತಾ, ಚಿನ್ನದ ನಾಡಿನ ದಾರಿಯಲ್ಲಿರುವ ಸ್ಮಶಾನ ಅಂತ ಕರೆದಿದ್ದಾನೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಡೋಲ್ಡ್ರಮ್ಸ್ ಅಂದರೆ ಕನ್ನಡಿಯ ಹಾಗೆ ನಿಂತ ನೀರು, ಕೈಕಟ್ಟಿ ಕೂತ ನಾವಿಕರು ಅಂತ ಚಿತ್ರ ಬಿಡಿಸುತ್ತಾರಲ್ಲ, ಅದು ಅರ್ಧ ಸತ್ಯ. ಗಾಳಿ ಇಲ್ಲದಿದ್ದರೂ ದೂರದ ಅಲೆಗಳ ಏರಿಳಿತ ಬರುತ್ತಲೇ ಇರುತ್ತದೆ. ಹಾಯಿಯಲ್ಲಿ ಗಾಳಿ ತುಂಬಿದ್ದರೆ ಹಡಗಿಗೆ ಒಂದು ಬಿಗಿ ಇರುತ್ತದೆ. ಇಲ್ಲದಿದ್ದರೆ ಸುಮ್ನೆ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಹಾಯಿಗಳು ಕಂಬಕ್ಕೆ ಪಟಪಟ ಬಡಿದು ಸವೆಯುತ್ತವೆ. ಹಲಗೆ ಸಂದಿಯ ಟಾರು ಬಿಸಿಲಿಗೆ ಮೆತ್ತಗಾಗುತ್ತದೆ. ಎಲ್ಲೋ ಒಂದು ಕಡೆ ನೀರಿನ ಮೇಲೆ ಗಾಳಿಯ ಸುಳಿವು ಕಂಡಿತು ಅನ್ನಿ, ತಕ್ಷಣ ಕೂಗು ಬೀಳುತ್ತದೆ. ಹಾಯಿ ಕಟ್ಟಿದ ಅಡ್ಡಮರಗಳನ್ನೆಲ್ಲ ಹಗ್ಗ ಎಳೆದು ಆ ಕಡೆ ತಿರುಗಿಸಬೇಕು. ತಿರುಗಿಸುವಷ್ಟರಲ್ಲಿ ಗಾಳಿ ಮಾಯ. ಇನ್ನೊಂದು ಕಡೆ ಸುಳಿವು. ಮತ್ತೆ ಎಳೆ. ಹಗಲೂ ರಾತ್ರಿ ಇದೇ. ದಿನಕ್ಕೆ ಹತ್ತು ಮೈಲಿ ಮುಂದೆ ಹೋದರೆ ಪುಣ್ಯ. ಅಲ್ಲಿದ್ದವರ ಬೇಸರ ಕೆಲಸ ಇಲ್ಲದ ಬೇಸರವಲ್ಲ, ಎಷ್ಟು ಮಾಡಿದರೂ ಹಡಗು ಮುಂದಕ್ಕೆ ಹೋಗದ ಬೇಸರ. ನುಡಿಗಟ್ಟನ್ನು ಬಳಸುವಾಗ ಈ ವ್ಯತ್ಯಾಸ ಗೊತ್ತಿದ್ದರೆ ಒಳ್ಳೆಯದು. ಸೋಮಾರಿಗೆ 'ಇನ್ ದ ಡೋಲ್ಡ್ರಮ್ಸ್' ಅನ್ನುವುದಿಲ್ಲ.

ನಡುವೆ ದಿಢೀರನೆ ಕಪ್ಪು ಮೋಡ ಬಂದು ಮಳೆ ಸುರಿಯುತ್ತದೆ. ನಾವಿಕರು ಬಟ್ಟೆ ಒಗೆದುಕೊಂಡು, ಹಾಯಿಯನ್ನೇ ತೊಟ್ಟಿಲಿನಂತೆ ಕಟ್ಟಿ ಕುಡಿಯುವ ನೀರು ಹಿಡಿದುಕೊಳ್ಳುತ್ತಿದ್ದರು. ಹ್ಯಾಲಿ ಕಾಲದ 'ದ ರೈನ್ಸ್' ಅನ್ನುವ ಹೆಸರು ಸುಮ್ಮನೆ ಬಂದದ್ದಲ್ಲ. ನನ್ನನ್ನು ಕೇಳಿದರೆ ಆ ಹಳೆಯ ಹೆಸರೇ ಜಾಸ್ತಿ ಸರಿ.

ಅಲ್ಲಿ ಗಾಳಿ ಸತ್ತು ಮಳೆ ಸುರಿಯುವುದಕ್ಕೆ ಕಾರಣ ಸರಳ. ಉತ್ತರದಿಂದ ಒಂದು, ದಕ್ಷಿಣದಿಂದ ಒಂದು, ಎರಡು ವಾಣಿಜ್ಯ ಮಾರುತಗಳು ಸಮಭಾಜಕದ ಕಡೆ ಬೀಸುತ್ತವೆ. ಎರಡೂ ಬಂದು ಸೇರುವ ಕಡೆ ಬಿಸಿಲಿಗೆ ಕಾದ ಗಾಳಿ ಪಕ್ಕಕ್ಕೆ ಹೋಗುವ ಬದಲು ಮೇಲಕ್ಕೆ ಏರುತ್ತದೆ. ನೀರಿನ ಮಟ್ಟದಲ್ಲಿರುವ ಹಾಯಿಗೆ ಗಾಳಿ ಇಲ್ಲ. ಏರಿದ ಗಾಳಿಯಲ್ಲಿದ್ದ ತೇವ ಮಾತ್ರ ಮೇಲೆ ತಣ್ಣಗಾಗಿ ಗುಡುಗು ಮೋಡವಾಗಿ ಸುರಿಯುತ್ತದೆ. ವಾಣಿಜ್ಯ ಮಾರುತಗಳ ಬಗ್ಗೆ ಜಾರ್ಜ್ ಹ್ಯಾಡ್ಲಿ 1735ರಲ್ಲಿ ಕೊಟ್ಟ ವಿವರಣೆಯ ತಿರುಳು ಇಂದಿಗೂ ಪಾಠದಲ್ಲಿದೆ. ಹವಾಮಾನ ತಜ್ಞರು ಈಗ ಈ ಪಟ್ಟಿಗೆ ಐಟಿಸಿಝಡ್, ಅಂದರೆ ಎರಡೂ ಕಡೆಯ ಗಾಳಿ ಬಂದು ಸೇರುವ ವಲಯ, ಅನ್ನುತ್ತಾರೆ. ನಿಮ್ಮ ಮಗಳ ಪುಸ್ತಕದಲ್ಲಿ 'ಶಾಂತ ವಲಯ' ಅಂತ ಇರಬಹುದು. ಎಂಥಾ ಶಾಂತ! ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನ 2009ರ ಜೂನ್ 1ರಂದು ಇದೇ ಪಟ್ಟಿಯ ಗುಡುಗು ಮೋಡಗಳನ್ನು ಹಾಯುವಾಗ ಅಟ್ಲಾಂಟಿಕ್‌ಗೆ ಬಿತ್ತು. 228 ಜನ ಸತ್ತರು. ವೇಗ ಅಳೆಯುವ ಕೊಳವೆಗಳಲ್ಲಿ ಹಿಮದ ಹರಳು ಕಟ್ಟಿದ್ದು, ಆಮೇಲೆ ಕಾಕ್‌ಪಿಟ್‌ನಲ್ಲಾದ ಗೊಂದಲ, ಎರಡೂ ಸೇರಿ ಆದ ಅನಾಹುತ ಅದು.

ಈ ಪಟ್ಟಿ ನಮಗೂ ದೂರದ್ದಲ್ಲ. ಸೂರ್ಯನ ಹಿಂದೆ ಅದೂ ಉತ್ತರಕ್ಕೂ ದಕ್ಷಿಣಕ್ಕೂ ಸರಿಯುತ್ತದೆ. ಬೇಸಿಗೆಯಲ್ಲಿ ನಮ್ಮ ನೆಲ ಕಾದು ಕೆಂಡವಾದಾಗ ಉತ್ತರಕ್ಕೆ ಬಂದು, ಜುಲೈ ಹೊತ್ತಿಗೆ ಗಂಗಾ ಬಯಲಿನ ಮೇಲೆ ಕೂರುತ್ತದೆ. ಹವಾಮಾನ ಇಲಾಖೆಯವರು 'ಮಾನ್ಸೂನ್ ಟ್ರಫ್' ಅನ್ನುತ್ತಾರಲ್ಲ, ಅದು. ಆಗ ದಕ್ಷಿಣದ ಮಾರುತಗಳು ಸಮಭಾಜಕ ದಾಟಿ, ಭೂಮಿ ತಿರುಗುವುದರಿಂದ ಬಲಕ್ಕೆ ಹೊರಳಿ, ನೈಋತ್ಯದಿಂದ ಬೀಸತೊಡಗುತ್ತವೆ. ಜೂನ್ ಮೊದಲ ವಾರದ ಹೊತ್ತಿಗೆ ಕರಾವಳಿಗೆ ಬಡಿದು, ಘಟ್ಟ ಏರಿ, ಆಗುಂಬೆಯಲ್ಲಿ ಸುರಿಯುವುದು ಅವೇ. ಇಂಗ್ಲಿಷರ ಬೇಜಾರಿನ ಪಟ್ಟಿ ಮೇಲಕ್ಕೆ ಸರಿದರೆ ನಮಗೆ ಮುಂಗಾರು.

ಉಗಿ ಹಡಗು ಬಂದಮೇಲೆ, ಅದರಲ್ಲೂ 1869ರಲ್ಲಿ ಸೂಯೆಜ್ ಕಾಲುವೆ ತೆರೆದಮೇಲೆ, ಹಾಯಿ ಹಡಗುಗಳ ಕಾಲ ಮುಗಿಯುತ್ತಾ ಬಂತು. ಇಂಜಿನ್‌ಗೆ ಗಾಳಿಯ ಹಂಗಿಲ್ಲ. ಇವತ್ತು ಡೋಲ್ಡ್ರಮ್ಸ್‌ಗೆ ಹೆದರುವವರು ವಾಂಡೆ ಗ್ಲೋಬ್‌ನಂಥ ಹಾಯಿ ರೇಸಿನವರು ಮಾತ್ರ. ಫ್ರೆಂಚರು ಅದನ್ನು 'ಪೊ ಓ ನ್ವಾರ್' ಅನ್ನುತ್ತಾರೆ. ಉಪಗ್ರಹದ ಚಿತ್ರ ನೋಡಿ ಎಲ್ಲಿ ಕಿರಿದಾಗಿದೆ ಅಂತ ಆರಿಸಿಕೊಂಡು ಹೋದರೂ ಸಿಕ್ಕಿಬೀಳುವವರು ಬೀಳುತ್ತಾರೆ. ಜಾಗ ಮರೆಗೆ ಸರಿದರೂ ಮಾತು ಉಳಿಯಿತು. ಮತ್ತೆ ದಡ ಹತ್ತಿ, ಮೊದಲಿನ ಹಾಗೆ ಮನಸ್ಸಿಗೆ, ಅದರ ಜೊತೆಗೆ ಷೇರು ಪೇಟೆಗೆ, ಸೋಲುತ್ತಲೇ ಇರುವ ಕ್ರಿಕೆಟ್ ಟೀಮಿಗೆ.

ಬಳಕೆಗೆ ಬರೋಣ. 'ದ' ಬಿಡಬೇಡಿ, ಕೊನೆಯ 'ಸ್' ಬಿಡಬೇಡಿ. 'ಎ ಡೋಲ್ಡ್ರಮ್' ಅಂತ ಈಗ ಯಾರೂ ಅನ್ನುವುದಿಲ್ಲ. ಒಳಗೆ ಸಿಕ್ಕಿದ್ದರೆ 'ಇನ್' ಅಥವಾ 'ಸ್ಟಕ್ ಇನ್', ಹೊರಗೆ ಬಂದರೆ 'ಔಟ್ ಆಫ್'. ಸಾವಿನ ಮನೆಯವರ ಬಗ್ಗೆ ಈ ಮಾತು ಆಡಬಾರದು, ತೀರಾ ಹಗುರವಾಗುತ್ತದೆ. ಖಿನ್ನತೆಗೆ ಔಷಧಿ ತೆಗೆದುಕೊಳ್ಳುತ್ತಿರುವವರ ಬಗ್ಗೆಯೂ ಬೇಡ. ಅದು ಕಾಯಿಲೆ, ಇದು ಮೂಡು.

ಇದರ ಪಕ್ಕದಲ್ಲೇ ಇನ್ನೊಂದು ಹಾಯಿ ಹಡಗಿನ ಮಾತಿದೆ: ಹಾಯಿಯಿಂದ ಗಾಳಿ ಕಿತ್ತುಕೊಂಡ ಹಾಗೆ ಅನ್ನುವ ಅರ್ಥದ 'ಟೇಕ್ ದ ವಿಂಡ್ ಔಟ್ ಆಫ್ ಒನ್ಸ್ ಸೇಲ್ಸ್'. ಒಂದು ಹಡಗು ಗಾಳಿ ಬರುವ ಕಡೆಯಿಂದ ಇನ್ನೊಂದರ ಪಕ್ಕಕ್ಕೆ ಬಂದರೆ ಎರಡನೆಯದಕ್ಕೆ ಗಾಳಿ ಮರೆಯಾಗಿ ಹಾಯಿ ಜೋತುಬೀಳುತ್ತದೆ. ಯುದ್ಧದಲ್ಲಿ, ರೇಸಿನಲ್ಲಿ ಬೇಕಂತಲೇ ಮಾಡುವ ಕೆಲಸ ಇದು. ಹಾಗಾಗಿ ಯಾರೋ ಒಬ್ಬರು ಒಂದು ಮಾತಿನಲ್ಲಿ ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚಿದರೆ ಈ ಮಾತು. ಡೋಲ್ಡ್ರಮ್ಸ್‌ನಲ್ಲಿ ಬೈಯೋಕೆ ಯಾರೂ ಇಲ್ಲ. ಗಾಳಿಯೇ ಇಲ್ಲ, ಯಾರನ್ನು ಅನ್ನೋಣ?

ಕನ್ನಡದಲ್ಲಿ ಏನನ್ನಬೇಕು ಅಂದಿರಿ. ಮನುಷ್ಯರಿಗಾದರೆ ಮಂಕಾಗಿದ್ದಾನೆ, ಮಂಕು ಬಡಿದ ಹಾಗಿದ್ದಾನೆ, ಜೋಲು ಮೋರೆ ಹಾಕಿಕೊಂಡಿದ್ದಾನೆ. ಕೊನೆಯದರಲ್ಲಿ ಸ್ವಲ್ಪ ಗೇಲಿ ಇದೆ, ನೋಡಿ ಬಳಸಿ. 'ಕೈಚೆಲ್ಲಿ ಕೂತ' ಸರಿಹೋಗುವುದಿಲ್ಲ, ಅದರಲ್ಲಿ ಸೋಲು ಒಪ್ಪಿಕೊಂಡ ಅರ್ಥ ಬರುತ್ತದೆ. ವ್ಯಾಪಾರದ ಹೆಡ್‌ಲೈನಿಗೆ 'ರಿಯಲ್ ಎಸ್ಟೇಟ್ ಮಂಕು' ಸಾಕು. ಅವಸರದಲ್ಲಿ 'ಕುಸಿತ' ಅಂತ ಅನುವಾದ ಮಾಡುವವರಿದ್ದಾರೆ. ಕುಸಿತ ಅಂದರೆ ರೇಟು ಬಿದ್ದಿದೆ ಅಂತ. ಡೋಲ್ಡ್ರಮ್ಸ್ ಅಂದರೆ ರೇಟು ಬಿದ್ದಿದೆ ಅಂತಲೇ ಅಲ್ಲ, ಗಿರಾಕಿ ಬರುತ್ತಿಲ್ಲ ಅಂತ. ಸೈಟು ಕೊಳ್ಳೋಕೆ ಹೊರಟವರಿಗೆ ಈ ಎರಡರ ನಡುವೆ ಲಕ್ಷಾಂತರ ರೂಪಾಯಿ ವ್ಯತ್ಯಾಸ ಇರುತ್ತದೆ.

ಇನ್ನು ಆಫೀಸಿನ ಮೇಲ್. 'ಸೇಲ್ಸ್ ಹ್ಯಾವ್ ಬೀನ್ ಇನ್ ದ ಡೋಲ್ಡ್ರಮ್ಸ್ ಸಿನ್ಸ್ ಏಪ್ರಿಲ್' ಅಂತ ಧಾರಾಳವಾಗಿ ಬರೆಯಿರಿ, ರಿಪೋರ್ಟಿನಲ್ಲೂ ನಡೆಯುತ್ತದೆ. ನಿಮ್ಮ ಬಗ್ಗೆಯಾದರೆ ಜೊತೆಯವರ ಹತ್ತಿರ, ಟೀ ಕುಡಿಯುವಾಗ ಹೇಳಿಕೊಳ್ಳಿ. ರಜೆ ಅರ್ಜಿಯಲ್ಲಿ ಮಾತ್ರ ಬೇಡ. ಅಲ್ಲಿ 'ನಾಟ್ ಫೀಲಿಂಗ್ ವೆಲ್' ಅಂದರೆ ಸಾಕು, ಯಾವ ಮ್ಯಾನೇಜರೂ ಅದರ ಮೂಲ ಕೇಳುವುದಿಲ್ಲ.